ಪ್ರಸಿದ್ಧರ ಕೂಗುಹೆಸರುಗಳು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆ ಮತ್ತು ಕನ್ನಡ ಸಾಹಿತ್ಯ

ಹೆತ್ತವರು ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಹಿಂದಕ್ಕೆ ಸರಿಸಿ ಜನರ ಬಾಯಲ್ಲಿ ನೆಲೆ ನಿಲ್ಲುವ ಇನ್ನೊಂದು ಹೆಸರಿಗೆ ಕನ್ನಡದಲ್ಲಿ ಹಲವು ಮಾತುಗಳಿವೆ. ಪ್ರೀತಿಯಿಂದಲೋ ಚೇಷ್ಟೆಗೋ ಕರೆಯುವುದು ಕೂಗುಹೆಸರು. ಅರಸ, ಮಠ, ಸಭೆ ಅಥವಾ ಸರಕಾರ ಕೊಡುವುದು ಬಿರುದು. ಕವಿ ತನಗೆ ತಾನೇ ಇಟ್ಟುಕೊಳ್ಳುವುದು ಕಾವ್ಯನಾಮ. ವಚನಕಾರರೂ ಹರಿದಾಸರೂ ತತ್ವಪದಕಾರರೂ ತಮ್ಮ ರಚನೆಯ ಕೊನೆಗೆ ಒತ್ತುವ ಮುದ್ರೆ ಅಂಕಿತ. ಹಳೆ ಮೈಸೂರಿನ ಕಡೆ ಕೂಗುಹೆಸರನ್ನು ಅಡ್ಡಹೆಸರು ಎಂದೂ ಹೇಳುತ್ತಾರೆ. ವಿಜಯಪುರ, ಕಲಬುರಗಿ, ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು: ಹಳಕಟ್ಟಿ, ಲಿಗಾಡೆ, ಧನಶೆಟ್ಟಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಕೂಗುಹೆಸರು ಎಂಬ ಮಾತನ್ನೇ ಬಳಸಲಾಗಿದೆ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ ಕುಂಭಾರಿ ಎಂಬ ಊರು ಸಿಗುತ್ತದೆ. ಈ ಸೀಮೆಯ ಮನೆಮಾತು ಎಷ್ಟೋ ಕಡೆ ಕನ್ನಡ, ಕಚೇರಿಯ ಮಾತು ಮರಾಠಿ. ಮಗ್ಗದ ಕೇರಿಗಳಲ್ಲಿ ತೆಲುಗು, ಪೇಟೆಯಲ್ಲಿ ದಖನಿ. ಊರೂರಿಗೂ ಸಿದ್ರಾಮಪ್ಪ, ಮಲ್ಲಪ್ಪ, ಮಲ್ಲಿನಾಥ, ರೇವಣಸಿದ್ಧ, ಶಿವಶರಣ. ಒಂದೇ ಓಣಿಯಲ್ಲಿ ನಾಲ್ಕು ಮಂದಿ ಸಿದ್ಧರಾಮರಿದ್ದರೆ ಕೂಗಿ ಕರೆಯುವವರು ಏನು ಮಾಡಬೇಕು? ಕಸುಬು, ಬಣ್ಣ, ಎತ್ತರ, ಹೊಲದ ದಿಕ್ಕು ಇವುಗಳಲ್ಲಿ ಒಂದನ್ನು ಹೆಸರಿನ ಮುಂದೆ ಹಚ್ಚಬೇಕು. ಜಮೀನಿನ ಕಾಗದಪತ್ರಗಳಲ್ಲಿ ಕೂಡ ‘ಉರ್ಫ್’ ಎಂದು ಬರೆದು ಎರಡನೆಯ ಹೆಸರು ಸೇರಿಸುವ ರೂಢಿ ಇರುವುದು ಈ ಕಾರಣಕ್ಕೇ. ಸಾಮಾನ್ಯರಿಗೆ ಗುರುತಿಗಾಗಿ ಅಂಟಿದ ಈ ಪದ್ಧತಿ ಪ್ರಸಿದ್ಧರನ್ನೂ ಬಿಟ್ಟಿಲ್ಲ. ಇಲ್ಲಿನ ಹೆಸರುಗಳನ್ನು ಹನ್ನೆರಡನೆಯ ಶತಮಾನದಿಂದ ಇಂದಿನವರೆಗೆ ಸಾಲಾಗಿ ನೋಡಿದರೆ, ಮಾಡಿದ ಕೆಲಸಕ್ಕೆ ಅಂಟಿದ ಹೆಸರು ಉಳಿದಿದೆ, ಬರೀ ಹೊಗಳಿಕೆಗೆ ಕೊಟ್ಟ ಹೆಸರು ಕೊಟ್ಟವರ ಜೊತೆಗೇ ಮರೆಯಾಗಿದೆ ಎಂಬುದು ಕಾಣುತ್ತದೆ.

ಒಡ್ಡರಾಮ

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಅದನ್ನು ಅಭಿನವ ಶ್ರೀಶೈಲ ಎಂದು ಕರೆಸಿಕೊಳ್ಳುವ ಕ್ಷೇತ್ರವಾಗಿ ಬೆಳೆಸಿದವನು ಹನ್ನೆರಡನೆಯ ಶತಮಾನದ ಸಿದ್ಧರಾಮ. ಗುಡಿ ಕಟ್ಟಿಸಿದ, ಕೆರೆ ತೋಡಿಸಿದ. ಆಳುಗಳ ಜೊತೆ ತಾನೂ ಮಣ್ಣು ಹೊತ್ತವನೆಂದು ಜನ ಇಂದಿಗೂ ನಂಬುತ್ತಾರೆ. ಶಿವಯೋಗಿ, ಕರ್ಮಯೋಗಿ ಎಂಬುವು ಅವನಿಗೆ ಭಕ್ತರು ಕೊಟ್ಟ ಹೆಸರುಗಳು. ಇವಕ್ಕಿಂತ ಸಾಹಿತ್ಯದಲ್ಲಿ ಹೆಚ್ಚು ಕೆಲಸ ಮಾಡಿದ್ದು ಅವನಿಗೆ ಹೀಗಳೆಯಲೆಂದು ಇಟ್ಟ ಹೆಸರು.

ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ಈ ಭೇಟಿ ಇದೆ. ಕೆರೆಯ ಕೆಲಸ ಭರದಿಂದ ಸಾಗಿರುವಾಗ ಬಂದ ಅಲ್ಲಮ, ಅಲ್ಲಿದ್ದವರ ಎದುರಿಗೆ ಅವರ ಗುರುವನ್ನು ‘ಒಡ್ಡರಾಮ’ನೆಂದು ಕರೆಯುತ್ತಾನೆ. ಮಣ್ಣು ಅಗೆಯುವ, ಕಲ್ಲು ಒಡೆಯುವ ಕಸುಬಿನವರ ಹೆಸರನ್ನು ಯೋಗಿಯೊಬ್ಬನಿಗೆ ಹಚ್ಚಿದ್ದನ್ನು ಕೆಲಸದವರು ಸಹಿಸುವುದಿಲ್ಲ. ಅಲ್ಲಮನ ಮೇಲೆ ಕಲ್ಲು ತೂರುತ್ತಾರೆ. ಸುದ್ದಿ ಕೇಳಿ ಸಿಟ್ಟಿನಿಂದ ಬಂದ ಸಿದ್ಧರಾಮನೊಡನೆ ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಅವನು ಅಲ್ಲಮನ ಹಿಂದೆ ಕಲ್ಯಾಣಕ್ಕೆ ಹೊರಡುತ್ತಾನೆ, ಅಲ್ಲಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ.

ಕಥೆಯ ಕಟ್ಟಡವನ್ನು ಗಮನಿಸಬೇಕು. ಆ ಒಂದು ಹೆಸರು ಇಲ್ಲದಿದ್ದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ಚರ್ಚೆಯಿಲ್ಲ, ಚರ್ಚೆಯಿಲ್ಲದಿದ್ದರೆ ಸಿದ್ಧರಾಮ ಕಲ್ಯಾಣಕ್ಕೆ ಹೋಗುವುದೂ ಇಲ್ಲ. ಲೋಕಹಿತಕ್ಕಾಗಿ ಕೆರೆ ತೋಡಿಸುವುದು ದೊಡ್ಡದೋ, ತನ್ನೊಳಗನ್ನು ತೋಡಿಕೊಳ್ಳುವುದು ದೊಡ್ಡದೋ ಎಂಬ ವಾದವನ್ನು ಶೂನ್ಯಸಂಪಾದನಕಾರರು ಒಂದೇ ಕೂಗುಹೆಸರಿನಿಂದ ಎಬ್ಬಿಸಿದ್ದಾರೆ. ಕನ್ನಡದಲ್ಲಿ ಕೂಗುಹೆಸರನ್ನು ಕಥೆಯ ಕೀಲಾಗಿ ಬಳಸಿದ ಉದಾಹರಣೆಗಳಲ್ಲಿ ಇದಕ್ಕಿಂತ ಬಲವಾದದ್ದು ಇನ್ನೊಂದು ಸಿಗುವುದು ಕಷ್ಟ.

ಆ ಹೆಸರಿನ ಮುಂದಿನ ಬದುಕೂ ಅಷ್ಟೇ ಮುಖ್ಯ. ಮಣ್ಣು ಮತ್ತು ಕಲ್ಲಿನ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಭೋವಿ ಸಮಾಜ ಸಿದ್ಧರಾಮನನ್ನು ತನ್ನ ಗುರುವೆಂದು ಪೂಜಿಸುತ್ತದೆ. ಚಿತ್ರದುರ್ಗದ ಭೋವಿ ಗುರುಪೀಠದ ಸ್ವಾಮಿಗಳು ಇಮ್ಮಡಿ ಸಿದ್ಧರಾಮೇಶ್ವರ ಎಂಬ ಹೆಸರು ಹೊತ್ತಿದ್ದಾರೆ. ಕರ್ನಾಟಕ ಸರಕಾರ ಪ್ರತಿ ಜನವರಿಯಲ್ಲಿ ಸಿದ್ಧರಾಮೇಶ್ವರ ಜಯಂತಿ ಆಚರಿಸುತ್ತದೆ. ಅದೇ ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದಲ್ಲಿ ನಂದಿಧ್ವಜಗಳ ಮೆರವಣಿಗೆಯೊಡನೆ ಗಡ್ಡೆಯ ಜಾತ್ರೆ ನಡೆಯುತ್ತದೆ, ಕನ್ನಡಿಗರೂ ಮರಾಠಿಗರೂ ತೆಲುಗರೂ ಕೂಡಿ ನಡೆಸುತ್ತಾರೆ. ಹೀಗಳೆಯಲು ಬಳಸಿದ ಮಾತು ಒಂದು ದುಡಿಯುವ ಸಮುದಾಯಕ್ಕೆ ಗುರುವನ್ನೇ ಕೊಟ್ಟಿತು. ಯಾವ ಅರಸನ ಬಿರುದೂ ಇಷ್ಟು ಕೆಲಸ ಮಾಡಿಲ್ಲ.

ಸಿದ್ಧರಾಮನ ಚರಿತ್ರೆಯನ್ನು ಮೊದಲು ಕಾವ್ಯವಾಗಿಸಿದ ರಾಘವಾಂಕನ ಗುರು ಹರಿಹರನ ಬಗ್ಗೆಯೂ ಇಂಥದ್ದೇ ಒಂದು ಐತಿಹ್ಯವಿದೆ. ಹರಿಹರನನ್ನು ಪಂಡಿತರು ‘ರಗಳೆಯ ಕವಿ’ ಎಂದು ಹಗುರವಾಗಿ ಕಂಡರಂತೆ. ಚಂಪುವೂ ತನಗೆ ಒಲಿಯುತ್ತದೆಂದು ತೋರಿಸಲು ಅವನು ‘ಗಿರಿಜಾಕಲ್ಯಾಣ’ ಬರೆದನಂತೆ. ಐತಿಹ್ಯ ನಿಜವೋ ಸುಳ್ಳೋ, ಇಂದು ಹರಿಹರನನ್ನು ನಾವು ನೆನೆಯುವುದು ಮುಖ್ಯವಾಗಿ ಆ ರಗಳೆಗಳಿಂದಲೇ.

ಕಾಯಕ ಕೊಟ್ಟ ಹೆಸರುಗಳು

ಶರಣರ ಕಾಲದಲ್ಲಿ ಕಸುಬು ಹೆಸರಿನ ಮುಂದೆ ನಿಂತದ್ದು ನಾಚಿಕೆಯ ಸಂಗತಿಯಾಗಿ ಉಳಿಯಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಇವರೆಲ್ಲರ ಹೆಸರಿನಲ್ಲಿ ಕೈಕೆಲಸದ ವಾಸನೆ ಇದೆ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯನಾದನೆಂದು ಪುರಾಣಗಳು ಹೇಳುತ್ತವೆ: ಅರಸನ ಹೆಸರು ಹೋಗಿ ಕಟ್ಟಿಗೆಯ ಹೊರೆಯ ಹೆಸರು ಉಳಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅಂಬಿಗರ ಚೌಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಉಳಿದ ಹೆಚ್ಚಿನ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಅವನು ತನ್ನ ಕಸುಬಿನ ಹೆಸರನ್ನೇ ಅಂಕಿತ ಮಾಡಿಕೊಂಡ.

ಬಸವಣ್ಣನ ‘ಭಕ್ತಿಭಂಡಾರಿ’ ಎಂಬ ಹೆಸರಿನ ಬೇರು ಕೂಡ ಅವನ ನೌಕರಿಯಲ್ಲಿದೆ. ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಕರಣಿಕನಾಗಿ ಕೆಲಸಕ್ಕೆ ಸೇರಿದ ಬಸವಣ್ಣ ಮುಂದೆ ಬಿಜ್ಜಳನ ಭಂಡಾರಿಯಾದ. ಲೆಕ್ಕದ ಭಂಡಾರವನ್ನು ಜನ ಭಕ್ತಿಯ ಭಂಡಾರವಾಗಿಸಿದರು. ಎಂ. ಆರ್. ಶ್ರೀನಿವಾಸಮೂರ್ತಿಯವರು ಬಸವಣ್ಣನ ಕುರಿತು ಬರೆದ ಪುಸ್ತಕಕ್ಕೆ ‘ಭಕ್ತಿಭಂಡಾರಿ ಬಸವಣ್ಣನವರು’ ಎಂದೇ ಹೆಸರಿಟ್ಟರು. ಅವರೇ 1950ರಲ್ಲಿ ಸೊಲ್ಲಾಪುರದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಬಿರುದು ಕಾವ್ಯವಾದ ಬಗೆ

ಅರಸರ ಬಿರುದುಗಳ ಲೋಕ ಬೇರೆ. ಶಾಸನಗಳಲ್ಲಿ ಬಿರುದಾವಳಿ ಸಾಲುಗಟ್ಟಿ ಬರುತ್ತದೆ: ಸತ್ಯಾಶ್ರಯ, ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ, ಆಹವಮಲ್ಲ. ಕೆಲವರ ಬಿರುದು ಸ್ವಂತ ಹೆಸರನ್ನೇ ನುಂಗಿಬಿಟ್ಟಿತು. ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಅರಸನ ಹೆಸರು ಶರ್ವ. ಓದುಗರಿಗೆ ಗೊತ್ತಿರುವುದು ಅಮೋಘವರ್ಷ, ನೃಪತುಂಗ ಎಂಬ ಬಿರುದುಗಳು ಮಾತ್ರ. ರೋಮ್ ಸಾಮ್ರಾಜ್ಯದ ಗಾಯಸ್ ಎಂಬ ಅರಸನನ್ನೂ ಲೋಕ ನೆನೆಯುವುದು ಚಿಕ್ಕಂದಿನಲ್ಲಿ ಸೈನಿಕರು ಅವನ ಪುಟ್ಟ ಬೂಟು ನೋಡಿ ಇಟ್ಟ ಕಲಿಗುಲಾ ಎಂಬ ಹೆಸರಿನಿಂದ.

ಬಿರುದನ್ನು ಕಾವ್ಯದ ಒಳಗೆ ನೇಯ್ದ ಕುಶಲತೆ ಪಂಪನದು. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಪಂಪ, ಗುಣಾರ್ಣವ, ಉದಾತ್ತನಾರಾಯಣ, ಸಾಮಂತಚೂಡಾಮಣಿ ಮೊದಲಾದ ಅರಿಕೇಸರಿಯ ಬಿರುದುಗಳನ್ನು ಅರ್ಜುನನಿಗೇ ಹಚ್ಚಿದ. ಇನ್ನೂ ಸ್ವಾರಸ್ಯವೆಂದರೆ ಅರಿಕೇಸರಿಯ ಸಲುಗೆಯ ಹೆಸರಾದ ‘ಹರಿಗ’ ಕೂಡ ಕಾವ್ಯದಲ್ಲಿ ಬರುತ್ತದೆ. ಯುದ್ಧಭೂಮಿಯ ನಡುವೆ ಅರಮನೆಯೊಳಗಿನ ಕೂಗುಹೆಸರು ಕಿವಿಗೆ ಬಿದ್ದಾಗ, ಪುರಾಣದ ಅರ್ಜುನ ತಟ್ಟನೆ ಹತ್ತನೆಯ ಶತಮಾನದ ಒಬ್ಬ ಪರಿಚಯದ ಮನುಷ್ಯನಾಗುತ್ತಾನೆ. ರನ್ನ ಇದೇ ದಾರಿ ಹಿಡಿದು, ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮ ಮಾಡಿ, ಬಿರುದನ್ನೇ ಕಾವ್ಯದ ಹೆಸರಾಗಿಸಿದ: ‘ಸಾಹಸಭೀಮ ವಿಜಯ’. ನಾವು ಅದನ್ನು ‘ಗದಾಯುದ್ಧ’ ಎನ್ನುತ್ತೇವೆ. ಸತ್ಯಾಶ್ರಯನ ಬಿರುದು ಹಿಂದೆ ಸರಿದು ಕಥೆಯ ಹೆಸರು ಗೆದ್ದಿದೆ.

ಕವಿಗಳಿಗೂ ಬಿರುದು ಬಂದವು. ಪೊನ್ನನಿಗೆ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ, ರನ್ನನಿಗೆ ತೈಲಪನಿಂದ ಕವಿಚಕ್ರವರ್ತಿ, ಜನ್ನನಿಗೆ ವೀರಬಲ್ಲಾಳನಿಂದ ಅದೇ ಕವಿಚಕ್ರವರ್ತಿ. ನಾಗಚಂದ್ರ ಅಭಿನವಪಂಪನೆನಿಸಿಕೊಂಡ. ಈ ಸಾಲಿನಲ್ಲಿ ಎದ್ದು ಕಾಣುವವಳು ಅತ್ತಿಮಬ್ಬೆ. ಕಾವ್ಯಗಳನ್ನು ಪ್ರತಿ ಮಾಡಿಸಿ ಹಂಚಿದ ಆಕೆಗೆ ಸಿಕ್ಕ ದಾನಚಿಂತಾಮಣಿ ಎಂಬ ಹೆಸರು ಸಾವಿರ ವರ್ಷ ದಾಟಿಯೂ ಜೀವಂತವಾಗಿದೆ, ಕರ್ನಾಟಕ ಸರಕಾರ ಲೇಖಕಿಯರಿಗೆ ಕೊಡುವ ಪ್ರಶಸ್ತಿಗೆ ಆ ಹೆಸರಿದೆ.

ಸ್ವಾತಂತ್ರ್ಯದ ನಂತರ ಬಿರುದಿನ ಸ್ಥಿತಿ ಬದಲಾಯಿತು. ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೆ ಯಾವ ಬಿರುದನ್ನೂ ಸರಕಾರ ಕೊಡಕೂಡದೆಂದು ಸಂವಿಧಾನದ 18ನೆಯ ವಿಧಿ ಹೇಳುತ್ತದೆ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಬಿರುದಿನಂತೆ ಹಚ್ಚಿಕೊಳ್ಳಬಾರದೆಂದು ಸುಪ್ರೀಂ ಕೋರ್ಟು 1995ರಲ್ಲಿ ಸ್ಪಷ್ಟಪಡಿಸಿತು. ಬ್ರಿಟಿಷರ ಕಾಲದ ರಾವಬಹಾದ್ದೂರ, ರಾವಸಾಹೇಬ ಪದವಿಗಳು ಆಗಲೇ ಹಳತಾಗಿದ್ದವು. ಅಂಥ ಒಂದು ಬಿರುದು ಸಾಹಿತ್ಯದಲ್ಲಿ ಮಾತ್ರ ಹೊಸ ಜನ್ಮ ಪಡೆಯಿತು. ಆರ್. ಬಿ. ಕುಲಕರ್ಣಿಯವರು ‘ರಾವಬಹಾದ್ದೂರ’ ಎಂಬ ಕಾವ್ಯನಾಮದಿಂದ ‘ಗ್ರಾಮಾಯಣ’ ಬರೆದರು. ದೊರೆಗಳು ಹಂಚಿದ ಆ ಪದವಿಯ ಹೆಸರು ಇಂದು ಉತ್ತರ ಕರ್ನಾಟಕದ ಹಳ್ಳಿಯೊಂದು ಒಡೆದು ಹೋಳಾಗುವ ಕಥೆ ಹೇಳಿದ ಕಾದಂಬರಿಕಾರನದಾಗಿ ಉಳಿದಿದೆ.

ಅಂಕಿತ, ಕಾವ್ಯನಾಮ ಮತ್ತು ಭೀಮೆಯ ಎರಡು ದಂಡೆ

ಸಿದ್ಧರಾಮನ ವಚನಗಳ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಅವನ ತ್ರಿವಿಧಿಗಳಲ್ಲಿ ಯೋಗಿನಾಥ ಎಂಬ ಮುದ್ರೆ ಬರುತ್ತದೆ. ಸೊಲ್ಲಾಪುರ ಜಿಲ್ಲೆಯದೇ ಆದ ಪಂಢರಪುರದ ವಿಠಲನ ಹೆಸರು ಹರಿದಾಸರ ಅಂಕಿತಗಳಲ್ಲಿ ಮತ್ತೆಮತ್ತೆ ಕೇಳುತ್ತದೆ. ಪುರಂದರವಿಠಲ ಅವುಗಳಲ್ಲಿ ಮೊದಲು ನೆನಪಾಗುವುದು. ಆ ವಿಠಲನಿಗೇ ಮರಾಠಿ ಸಂತಪರಂಪರೆ ಒಂದು ಕೂಗುಹೆಸರು ಕೊಟ್ಟಿದೆ, ‘ಕಾನಡಾ’ ಎಂದು. ಜ್ಞಾನೇಶ್ವರರ ಹೆಸರಿನಲ್ಲಿರುವ ಅಭಂಗದಲ್ಲಿ ಬರುವ ಈ ವಿಶೇಷಣದ ಸುತ್ತ ಮರಾಠಿ ವಿದ್ವಾಂಸರು ದೊಡ್ಡ ಚರ್ಚೆಗಳನ್ನೇ ನಡೆಸಿದ್ದಾರೆ, ರಾ. ಚಿಂ. ಢೇರೆಯವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಅವುಗಳಲ್ಲಿ ಹೆಸರಾದದ್ದು. ದೇವರನ್ನು ಕನ್ನಡದವನೆಂದು ಕರೆದು ಮರಾಠಿಯಲ್ಲಿ ಹಾಡುವ ಈ ಔದಾರ್ಯ ಗಡಿಯ ಬಗ್ಗೆ ಮಾತಾಡುವವರಿಗೆಲ್ಲ ತಿಳಿದಿರಬೇಕು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ತಾಯಿ ಅಂಬಿಕೆಯ ಹೆಸರನ್ನು ತಮ್ಮ ಹೆಸರಿಗೆ ಬೆಸೆದು ಅವರು ಕಟ್ಟಿಕೊಂಡ ಅಂಬಿಕಾತನಯದತ್ತ ಕನ್ನಡದ ಕಾವ್ಯನಾಮಗಳಲ್ಲಿ ಅತ್ಯಂತ ಆಳವಾದದ್ದು. ಕವಿತೆ ಬರೆಯುವವನು ಅಂಬಿಕಾತನಯದತ್ತ, ಅದನ್ನು ಲೋಕಕ್ಕೆ ತಲುಪಿಸುವವನು ಬೇಂದ್ರೆ ಎಂಬ ಭಾವ ಅವರದು. ಸಂತರ ಅಂಕಿತ ಮತ್ತು ಹೊಸಗಾಲದ ಕಾವ್ಯನಾಮ ಎರಡೂ ಇಲ್ಲಿ ಒಂದಾಗಿವೆ. ಜನ ಅವರನ್ನು ವರಕವಿ ಎಂದರು. 1973ರ ಜ್ಞಾನಪೀಠಕ್ಕಿಂತ ಆ ಹೆಸರು ಧಾರವಾಡದ ಸಾಧನಕೇರಿಯಲ್ಲಿ ಹೆಚ್ಚು ಬಳಕೆಯಲ್ಲಿದೆ ಎಂದರೆ ಯಾರೂ ಒಪ್ಪದಿರಲಾರರು.

ಭೀಮಾ ನದಿಯ ಆಚೆ ದಂಡೆಗೆ, ಇಂಡಿ ಸೀಮೆಗೆ ಬಂದರೆ ಹಲಸಂಗಿ ಗೆಳೆಯರು ಸಿಗುತ್ತಾರೆ. ಅವರಲ್ಲಿ ಚೆನ್ನಮಲ್ಲಪ್ಪ ಗಲಗಲಿ ‘ಮಧುರಚೆನ್ನ’ರಾದರು. ಚಡಚಣದ ಸಿಂಪಿ ಲಿಂಗಣ್ಣನವರ ಹೆಸರಿನ ಮುಂದೆ ಮನೆತನದ ದರ್ಜಿಯ ಕಸುಬು ಕೊನೆಯವರೆಗೂ ನಿಂತಿತು. ‘ಗರತಿಯ ಹಾಡು’, ‘ಮಲ್ಲಿಗೆ ದಂಡೆ’ಯ ಮೂಲಕ ಈ ಗೆಳೆಯರು ಹೆಸರೇ ಇಲ್ಲದ ಹೆಣ್ಣುಮಕ್ಕಳ ಹಾಡುಗಳನ್ನು ಕಾಪಾಡಿದರು. ಅದೇ ಇಂಡಿ ಸೀಮೆಯ ಅಗರಖೇಡದ ಆದ್ಯ ರಂಗಾಚಾರ್ಯರು ನಾಟಕಕಾರ ‘ಶ್ರೀರಂಗ’ರಾದರು.

ಕನ್ನಡದ ಉಳಿದ ಕಾವ್ಯನಾಮಗಳನ್ನು ಬೇಗ ನೋಡಿ ಮುಂದೆ ಹೋಗಬಹುದು. ಮಾಸ್ತಿಯವರು ‘ಶ್ರೀನಿವಾಸ’, ಗೋಕಾಕರು ‘ವಿನಾಯಕ’, ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’, ಪಂಜೆ ಮಂಗೇಶರಾಯರು ‘ಕವಿಶಿಷ್ಯ’. ದಕ್ಷಿಣದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಹೆಸರಾದವು: ಡಿ.ವಿ.ಜಿ., ಅ.ನ.ಕೃ., ತ.ರಾ.ಸು., ತೀ.ನಂ.ಶ್ರೀ. ಕುವೆಂಪು ಕೂಡ ಹಾಗೆ ಹುಟ್ಟಿದ್ದೇ. ನಂದಳಿಕೆಯ ಲಕ್ಷ್ಮೀನಾರಣಪ್ಪನ ಮನೆಯ ಮುದ್ದಿನ ಹೆಸರು ಮುದ್ದಣ; ಅದು ಮೊದಲು ಕಾವ್ಯನಾಮವಾಯಿತು, ಆಮೇಲೆ ‘ರಾಮಾಶ್ವಮೇಧ’ದಲ್ಲಿ ಮನೋರಮೆಯೊಡನೆ ಸಲ್ಲಾಪ ಮಾಡುವ ಪಾತ್ರವೇ ಆಯಿತು. ಕೂಗುಹೆಸರೊಂದು ತೊಟ್ಟಿಲಿನಿಂದ ಕಾವ್ಯದ ಪಾತ್ರವರ್ಗದವರೆಗೆ ನಡೆದು ಬಂದದ್ದು ಅಲ್ಲಿ.

ಪಿತಾಮಹರು, ಪುರೋಹಿತರು, ಸಾರ್ವಭೌಮರು

ಇಪ್ಪತ್ತನೆಯ ಶತಮಾನದ ಏಕೀಕರಣದ ಕಾಲ ಕನ್ನಡದಲ್ಲಿ ಬಿರುದುಗಳ ಸುಗ್ಗಿಯ ಕಾಲ. ಪತ್ರಿಕೆ, ಸಭೆ, ಅಭಿನಂದನ ಗ್ರಂಥಗಳು ಹೆಸರು ಕೊಡುವ ಹಕ್ಕನ್ನು ಅರಮನೆಯಿಂದ ಪಡೆದುಕೊಂಡವು. ವಿಜಯಪುರದಲ್ಲಿ 1880ರಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಕನ್ನಡ ಕುಲಪುರೋಹಿತರಾದರು. ಅದೇ ವರ್ಷ ಹುಟ್ಟಿ, ವಿಜಯಪುರದಲ್ಲೇ ಬದುಕು ಸವೆಸಿದ ಫ. ಗು. ಹಳಕಟ್ಟಿಯವರು ವಚನ ಪಿತಾಮಹರಾದರು; 1923ರಲ್ಲಿ ‘ವಚನಶಾಸ್ತ್ರಸಾರ’, 1926ರಿಂದ ‘ಶಿವಾನುಭವ’ ಪತ್ರಿಕೆ, ಸ್ವಂತ ಹಿತಚಿಂತಕ ಮುದ್ರಣಾಲಯ. ಆ ಹೆಸರಿಗೆ ಅವರು ತೆತ್ತ ಬೆಲೆ ದೊಡ್ಡದು, ಹೆಸರು ಉಳಿದದ್ದೂ ಅದರಿಂದಲೇ. ಬಿ. ಎಂ. ಶ್ರೀಕಂಠಯ್ಯನವರನ್ನು ಮೈಸೂರು ಅರಮನೆ ‘ರಾಜಸೇವಾಸಕ್ತ’ ಎಂದಿತು, ಕನ್ನಡಿಗರು ‘ಕನ್ನಡದ ಕಣ್ವ’ ಎಂದರು; ಯಾವುದು ನಿಂತಿತೆಂದು ಬೇರೆ ಹೇಳಬೇಕಿಲ್ಲ. ಗಳಗನಾಥರು ಕಾದಂಬರಿ ಪಿತಾಮಹ, ಅ.ನ.ಕೃ. ಕಾದಂಬರಿ ಸಾರ್ವಭೌಮ, ಕೈಲಾಸಂ ಪ್ರಹಸನ ಪಿತಾಮಹ, ಶಿವರಾಮ ಕಾರಂತರು ಕಡಲತೀರದ ಭಾರ್ಗವ. ಪ್ರಾಸದ ಬಲದಿಂದಲೇ ನಿಂತ ಹೆಸರೂ ಉಂಟು: ಕನ್ನಡದ ಆಸ್ತಿ ಮಾಸ್ತಿ.

ರಾಷ್ಟ್ರಕವಿ ಎಂಬ ಗೌರವ ಕನ್ನಡದಲ್ಲಿ ಮೂವರಿಗೆ ಸಂದಿದೆ. ಕಾಸರಗೋಡಿನ ಮಂಜೇಶ್ವರದ ಗೋವಿಂದ ಪೈಯವರಿಗೆ 1949ರಲ್ಲಿ ಮದರಾಸು ಸರಕಾರ ಕೊಟ್ಟದ್ದು ಮೊದಲನೆಯದು. ಕುವೆಂಪು ಅವರಿಗೆ 1964ರಲ್ಲಿ, ಜಿ. ಎಸ್. ಶಿವರುದ್ರಪ್ಪನವರಿಗೆ 2006ರಲ್ಲಿ ಬಂತು. ಮೊದಲ ಕನ್ನಡ ರಾಷ್ಟ್ರಕವಿ ಇಂದು ಕೇರಳದಲ್ಲಿರುವ ನೆಲದವರು ಎಂಬುದನ್ನು ಗಡಿಯ ಕನ್ನಡಿಗರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೂಬೇಕು.

ಸಿನಿಮಾದ ಹೆಸರುಗಳಲ್ಲಿ ನಟಸಾರ್ವಭೌಮ, ಸಾಹಸಸಿಂಹ, ರೆಬೆಲ್ ಸ್ಟಾರ್, ಪವರ್ ಸ್ಟಾರ್ ಎಂಬವು ಪೋಸ್ಟರಿಗೆ ಹುಟ್ಟಿದವು. ಮುತ್ತುರಾಜನಾಗಿ ಹುಟ್ಟಿ ರಾಜಕುಮಾರರಾದವರನ್ನು ಅಭಿಮಾನಿಗಳು ‘ಅಣ್ಣಾವ್ರು’ ಎಂದದ್ದು, ಪುನೀತರನ್ನು ‘ಅಪ್ಪು’ ಎಂದದ್ದು ಮನೆಯ ಹೆಸರುಗಳು. ಪೋಸ್ಟರಿನವು ಸ್ಟಾರಿನಿಂದ ಸ್ಟಾರಿಗೆ ದಾಟುತ್ತವೆ, ಮನೆಯವು ದಾಟುವುದಿಲ್ಲ.

ತಾಯಿ, ಆಬಾ, ಮಾಸ್ತರ

ಸೊಲ್ಲಾಪುರ ಜಿಲ್ಲೆಯಲ್ಲಿ ಸಾರ್ವಜನಿಕ ವ್ಯಕ್ತಿಗಳಿಗೆ ಹಚ್ಚುವ ಹೆಸರುಗಳಲ್ಲಿ ಹೆಚ್ಚಿನವು ನೆಂಟಸ್ತಿಕೆಯವು: ಅಣ್ಣಾ, ದಾದಾ, ಕಾಕಾ, ತಾತ್ಯಾ, ಬಾಪು, ಅಪ್ಪಾ. ಸಾಂಗೋಲೆಯಿಂದ 11 ಸಲ ವಿಧಾನಸಭೆಗೆ ಆರಿಸಿ ಬಂದ ರೈತ ಕಾರ್ಮಿಕ ಪಕ್ಷದ ಗಣಪತರಾವ್ ದೇಶಮುಖ್ 2021ರಲ್ಲಿ ತೀರಿಕೊಳ್ಳುವವರೆಗೂ ಜನರಿಗೆ ‘ಆಬಾ’. ಅಕ್ಕಲಕೋಟೆಯ ಸ್ವಾಮಿ ಸಮರ್ಥರಿಗಂತೂ ಊರೇ ಹೆಸರು. ಎಲ್ಲಿಂದಲೋ ಬಂದು ಅಕ್ಕಲಕೋಟೆಯಲ್ಲಿ ನೆಲೆಸಿ 1878ರಲ್ಲಿ ಅಲ್ಲಿಯೇ ದೇಹ ಬಿಟ್ಟ ಅವರನ್ನು ದೇಶ ಅಕ್ಕಲಕೋಟೆ ಸ್ವಾಮಿ ಎಂದೇ ಬಲ್ಲದು.

1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿ ಲಿಗಾಡೆಯವರು ಓದಿದ್ದು ಮರಾಠಿಯಲ್ಲಿ, ಬರೆಯಲೆಂದು ಕಲಿತದ್ದು ಕನ್ನಡ. ಅವರು ಜಯದೇವಿತಾಯಿ ಆದರು. ಮರಾಠಿಗರು ಅಕ್ಕನೆಂಬ ಗೌರವದಲ್ಲಿ ಹಚ್ಚುವ ಆ ಮಾತನ್ನು ಕನ್ನಡಿಗರು ತಾಯಿಯೆಂದೇ ಕೇಳಿಸಿಕೊಂಡರು, ಅವರೂ ಅದನ್ನು ಹಾಗೆಯೇ ನಡೆಸಿಕೊಂಡರು. ‘ತಾಯಿಯ ಪದಗಳು’ ಎಂಬ ಕೃತಿಯ ಹೆಸರಿನಲ್ಲೇ ಅದು ಕಾಣುತ್ತದೆ. ಅವರ ದೊಡ್ಡ ಕೆಲಸ ‘ಶ್ರೀ ಸಿದ್ಧರಾಮ ಪುರಾಣ’. ಜನಪದರ ತ್ರಿಪದಿಯಲ್ಲಿ ಬರೆದ ಆ ಮಹಾಕಾವ್ಯ ಸೊನ್ನಲಿಗೆಯ ಕೆರೆ ತೋಡಿದವನ ಕಥೆಯನ್ನು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಛಂದಸ್ಸಿಗೆ ಮರಳಿಸಿತು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ. ಆ ಗೌರವ ಮಹಾರಾಷ್ಟ್ರದಲ್ಲಿ ಉಳಿದ ಊರಿನ ಕನ್ನಡತಿಗೆ ಸಂದಿತೆಂಬುದನ್ನು ಇಂದಿನ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಮೊದಲು ಹೇಳಿದ ಕುಂಭಾರಿಯಲ್ಲಿಯೇ ಇಂಥ ಎರಡು ಹೆಸರುಗಳು ಮನೆಗಳ ರೂಪದಲ್ಲಿ ನಿಂತಿವೆ. ಸೊಲ್ಲಾಪುರದ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕುಂಭಾರಿಯ ಬಳಿ ಕಟ್ಟಿದ 10,000 ಮನೆಗಳ ವಸಾಹತಿಗೆ ಗೋದೂತಾಯಿ ಪರುಳೇಕರ ಹೆಸರಿದೆ. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ಕಾರ್ಮಿಕರಿಗೆ ಒಪ್ಪಿಸಿದರು. ಗೋದಾವರಿ ಪರುಳೇಕರ ಠಾಣೆ ಜಿಲ್ಲೆಯ ವಾರ್ಲಿ ಆದಿವಾಸಿಗಳ ಜೀತದ ವಿರುದ್ಧ 1945ರಿಂದ ಹೋರಾಡಿದವರು. ವಾರ್ಲಿಗಳು ಆಕೆಯನ್ನು ಗೋದೂರಾಣಿ ಎಂದರು, ಕಾರ್ಮಿಕರು ಗೋದೂತಾಯಿ ಎಂದರು. ಆ ಹೋರಾಟದ ಕಥೆ ಹೇಳುವ ಅವರ ಮರಾಠಿ ಪುಸ್ತಕ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಈ ವಸಾಹತಿಗಾಗಿ ವರ್ಷಗಟ್ಟಲೆ ದುಡಿದ ಕಮ್ಯುನಿಸ್ಟ್ ನಾಯಕ ನರಸಯ್ಯ ಆಡಮ್ ಮೂರು ಸಲ ಶಾಸಕರಾದರೂ ಯಾರೂ ಅವರನ್ನು ‘ಆಮದಾರ’ ಎಂದು ನೆನೆಯುವುದಿಲ್ಲ. ಅವರು ಆಡಮ್ ಮಾಸ್ತರ. ಪತ್ರಿಕೆಗಳಲ್ಲೂ ಅವರು ಹಾಗೆಯೇ ಬರುತ್ತಾರೆ. ಅವರ ಮುಂದಾಳತ್ವದಲ್ಲೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇನಗರ ಎದ್ದಿತು. 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಅದರಲ್ಲಿ 15,000 ಮನೆಗಳನ್ನು ಹಸ್ತಾಂತರಿಸಿದರು. ಒಂದು ಕೆರೆ ಸಿದ್ಧರಾಮನಿಗೆ ಹೆಸರು ಕೊಟ್ಟ ಸೀಮೆಯಲ್ಲಿ ಎಂಟು ನೂರು ವರ್ಷಗಳ ಮೇಲೆ ಮನೆಗಳ ಸಾಲು ಮಾಸ್ತರನ ಹೆಸರನ್ನು ಗಟ್ಟಿ ಮಾಡಿತು.

ಸೊಲ್ಲಾಪುರದ ಇನ್ನೊಬ್ಬ ಮಗನಿಗೆ ಹೆಸರು ಕೊಟ್ಟದ್ದು ಪರದೇಶ. 1910ರಲ್ಲಿ ಇಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಆ ಐವರೂ ತಮ್ಮ ಹೆಸರಿನ ಕೊನೆಗೆ ಚೀನಾವನ್ನು ಸೂಚಿಸುವ ‘ಹುವಾ’ ಸೇರಿಸಿಕೊಂಡರು. ಕೋಟ್ನಿಸ್ ‘ಕೇ ದೀಹುವಾ’ ಆದರು. ಗಾಯಾಳುಗಳ ಶುಶ್ರೂಷೆಯಲ್ಲೇ 1942ರ ಡಿಸೆಂಬರಿನಲ್ಲಿ ತೀರಿಕೊಂಡ ಅವರ ಕಥೆಯನ್ನು ಖ್ವಾಜಾ ಅಹಮದ್ ಅಬ್ಬಾಸ್ ಪುಸ್ತಕವಾಗಿಸಿದರು, ವಿ. ಶಾಂತಾರಾಮ್ 1946ರಲ್ಲಿ ಚಿತ್ರವಾಗಿಸಿದರು. 1930ರ ಸೊಲ್ಲಾಪುರದ ದಂಗೆ ಮತ್ತು ಮಾರ್ಷಲ್ ಲಾ ನಂತರ, 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರಿಗೂ ಸೇರಿ ಒಂದೇ ಹೆಸರು: ಹುತಾತ್ಮ. ಸೊಲ್ಲಾಪುರ–ಪುಣೆ ರೈಲು ಕೂಡ ಆ ಹೆಸರಿನಿಂದಲೇ ಓಡುತ್ತದೆ.

ಚುಚ್ಚುವ ಹೆಸರು

ಅಧಿಕಾರದಲ್ಲಿರುವವರಿಗೆ ಕೊಡುವ ಕೂಗುಹೆಸರು ಬಡವನ ಹತ್ಯಾರ. ಎದುರಿಗೆ ನಿಂತು ಬಯ್ಯಲಾಗದವರು ಬೆನ್ನ ಹಿಂದೆ ಹೆಸರಿಡುತ್ತಾರೆ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನನ್ನು ಜನ ಹುಚ್ಚನೆಂದರು. ಕನ್ನಡದಲ್ಲಿ ಇಂದಿಗೂ ತಲೆಬುಡವಿಲ್ಲದ ಆಡಳಿತಕ್ಕೆ ತುಘಲಕ್ ದರ್ಬಾರು ಎಂದೇ ಹೆಸರು. 1964ರಲ್ಲಿ ಗಿರೀಶ ಕಾರ್ನಾಡರು ‘ತುಘಲಕ್’ ಬರೆದಾಗ ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಹುಡುಕಿದರು. ಕನಸು ಕಂಡ ಅರಸನೊಬ್ಬ ಹೇಗೆ ಹುಚ್ಚನೆನಿಸಿಕೊಂಡ ಎಂಬುದೇ ನಾಟಕದ ನಡಿಗೆ. 1942ರಲ್ಲಿ ಶುರುವಾದ ಹಾಸ್ಯಪತ್ರಿಕೆ ‘ಕೊರವಂಜಿ’ ಕಚಗುಳಿಯಿಟ್ಟರೆ, 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಮಂತ್ರಿಗಳ ಹೆಸರನ್ನೇ ಕತ್ತರಿಸಿ ಮೊನೆ ಮಾಡಿತು. ಅದೇ ಕಾಲದಲ್ಲಿ ರಾಜಕಾರಣಿಗಳಿಗೆ ಮೆಚ್ಚಿನ ಹೆಸರುಗಳೂ ಬಂದವು. ದೇವೇಗೌಡರು ಮಣ್ಣಿನ ಮಗ, ಬಂಗಾರಪ್ಪನವರು ಸೋಲಿಲ್ಲದ ಸರದಾರ. ಎರಡನೆಯದು ಚುನಾವಣೆಯ ಫಲಿತಾಂಶಕ್ಕೆ ಕಟ್ಟಿದ ಹೆಸರಾದ್ದರಿಂದ ಸೋಲು ಬಂದ ದಿನ ಅದರ ಬಲ ಕುಂದಿತು.

ಕಾದಂಬರಿಕಾರರು ಹಳ್ಳಿಯ ಕೂಗುಹೆಸರಿನಿಂದ ಕಲಿತದ್ದು ಬಹಳ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನ ನಾಯಿಗುತ್ತಿ ತನ್ನ ನಾಯಿ ಹುಲಿಯನಿಂದ ಬೇರೆಯಾಗಿ ನಿಲ್ಲಲಾರ. ಕಾರಂತರ ಮೂಕಾಂಬಿಕೆ ‘ಮೂಕಜ್ಜಿ’ಯಾಗದಿದ್ದರೆ ಅವಳ ಮಾತಿಗೆ ಆ ತೂಕ ಬರುತ್ತಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಬಿರ್ಯಾನಿ ಕರಿಯಪ್ಪ ಬಂದ ಕೂಡಲೇ ಓದುಗನಿಗೆ ಅವನ ಅರ್ಧ ಕಥೆ ತಿಳಿದುಬಿಡುತ್ತದೆ.

ಪ್ರಸಿದ್ಧರ ಬಿರುದುಗಳು ಅಭಿನಂದನ ಗ್ರಂಥಗಳಲ್ಲಿ ಭದ್ರವಾಗಿವೆ. ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಸೀಮೆಯ ಕನ್ನಡದಲ್ಲಿ ಪೈಲವಾನರಿಗೆ, ಭಜನೆಯ ಮಾಸ್ತರರಿಗೆ, ಡೊಳ್ಳಿನ ಹಾಡಿನವರಿಗೆ, ಹೋರಾಟಗಾರರಿಗೆ ಜನ ಇಟ್ಟ ಹೆಸರುಗಳು ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಆ ತಾಲ್ಲೂಕುಗಳಲ್ಲಿ ಇಂದಿಗೂ ಕನ್ನಡ ಶಾಲೆಗಳು ನಡೆಯುತ್ತಿವೆ. ಅಲ್ಲಿನ ಶಿಕ್ಷಕರು ಮಕ್ಕಳ ಕೈಗೆ ಒಂದು ವಹಿ ಕೊಟ್ಟು, ಅಜ್ಜ ಅಜ್ಜಿಯರಿಂದ ಊರಿನ ಹೆಸರಾಂತರ ಕೂಗುಹೆಸರನ್ನೂ ಅದು ಬಂದ ಕಾರಣವನ್ನೂ ಕೇಳಿ ಬರೆಸಬೇಕು. ಓದುಗರಲ್ಲಿ ಆ ಸೀಮೆಯವರು ಯಾರಿದ್ದರೂ ತಮ್ಮ ಊರಿನಿಂದಲೇ ಈ ಕೆಲಸ ಶುರು ಮಾಡಲಿ.